ಘಟ್ಟದ ಮಳೆ ಮತ್ತು ಕಲೆಕ್ಟರರ ಕಾಗದಗಳು

ಕದ್ರಾ ದಾಟಿ ಅಣಶಿ ಘಟ್ಟ ಹತ್ತುವವರಿಗೆ ಇಲ್ಲಿ ಮಳೆಯೇ ಒಡೆಯ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡ ಜರಿದರೆ ಬಸ್ಸು ನಿಂತಿತು, ಮರ ಬಿದ್ದರೆ ಕರೆಂಟು ಹೋಯಿತು. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಸೀಮೆಯ ಮಳೆಗೆ ಬೇಸತ್ತು ಊರಿಗೆ ಕಾಗದ ಬರೆದವರೊಬ್ಬರಿದ್ದರು. ಅವರೇ ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರ್ ಥಾಮಸ್ ಮನ್ರೋ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಕರಾವಳಿ ಕನ್ನಡ ಜಿಲ್ಲೆಯೂ ಘಟ್ಟದ ಮೇಲಿನ ಸೋಂದಾ ಸೀಮೆಯೂ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿದವು. ಆ ವರ್ಷವೇ ಬಂದ ಮನ್ರೋಗೆ ಆಗ 38 ವರ್ಷ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿ, 1780ರಲ್ಲಿ ಮದರಾಸಿನಲ್ಲಿ ಇಳಿದ ಸಿಪಾಯಿ. ಇಲ್ಲಿಗೆ ಬರುವ ಮೊದಲು ಏಳು ವರ್ಷ ಬಾರಾಮಹಲ್, ಅಂದರೆ ಇಂದಿನ ಧರ್ಮಪುರಿ–ಕೃಷ್ಣಗಿರಿ ಸೀಮೆಯಲ್ಲಿ ಕಂದಾಯದ ಕೆಲಸ ಮಾಡಿದ್ದರು.

ಮನ್ರೋ ತಮ್ಮ ಸೋದರಿಗೆ ಬರೆದ ಕಾಗದಗಳಲ್ಲಿ ದರ್ಪದ ಅಧಿಕಾರಿ ಕಾಣುವುದಿಲ್ಲ. ಧರ್ಮಪುರಿಯಲ್ಲಿ ತಾವೇ ಬೆಳೆಸಿದ ತೋಟವನ್ನು ಬಿಟ್ಟುಬಂದ ದುಃಖ ಅಲ್ಲಿದೆ. ಬಿಡದೆ ಸುರಿಯುವ ಮಳೆ, ಏರಿಳಿತದ ದಾರಿ, ಮುಗಿಯದ ಕೆಲಸ ಇವುಗಳ ಬೇಸರವಿದೆ. ಆದಷ್ಟು ಬೇಗ ಬೇರೆಡೆಗೆ ವರ್ಗವಾದರೆ ಸಾಕೆಂಬ ಹಂಬಲವೂ ಇದೆ.

ಅದೇ ಲೇಖನಿ ಮದರಾಸಿನ ಕಂದಾಯ ಮಂಡಳಿಗೆ ಬರೆಯುವಾಗ ಬೇರೆಯೇ ಆಗುತ್ತದೆ. 1800ರ ಮೇ 31ರ ಅವರ ದೀರ್ಘ ಪತ್ರ ಇಂದಿಗೂ ಇತಿಹಾಸಕಾರರಿಗೆ ಆಧಾರ. ವಿಜಯನಗರ, ಕೆಳದಿ, ಹೈದರ್, ಟಿಪ್ಪು ಹೀಗೆ ಒಂದೊಂದು ಆಳ್ವಿಕೆಯಲ್ಲಿ ಕಂದಾಯ ಹೇಗೆ ಏರಿತೆಂಬುದನ್ನು ಅವರು ಅದರಲ್ಲಿ ಲೆಕ್ಕಹಾಕಿದರು. ಇಲ್ಲಿಯ ಭೂಮಿ ದೊರೆಯ ಸ್ವತ್ತಲ್ಲ, ತಲೆತಲಾಂತರದಿಂದ ಮಾರುವ, ಅಡವಿಡುವ, ಮಕ್ಕಳಿಗೆ ಬಿಟ್ಟುಹೋಗುವ ಹಕ್ಕಿರುವ ಖಾಸಗಿ ಆಸ್ತಿ ಎಂದು ವಾದಿಸಿದರು. ಕಂದಾಯ ಇಳಿಸಬೇಕೆಂದೂ ಸೂಚಿಸಿದರು.

ಇದನ್ನು ಓದಿ ಮನ್ರೋ ಧರ್ಮಾತ್ಮರೆಂದು ಭಾವಿಸಬೇಕಾಗಿಲ್ಲ. ಅವರು ಬಂದದ್ದೇ ಕಂಪನಿಗೆ ಹಣ ಕೂಡಿಸಲು. ಹೊಸ ದೊರೆಗಳನ್ನು ನಂಬದ ರೈತರು ಮೊದಮೊದಲು ಅವರ ಕಚೇರಿಗೆ ಬರಲೇ ಒಪ್ಪಲಿಲ್ಲ. ಆ ರೈತರ ಅಸಮಾಧಾನ ನಮಗೆ ತಿಳಿಯುವುದೂ ಕಲೆಕ್ಟರರ ಕಾಗದದಿಂದಲೇ ಎಂಬುದು ವಿಚಿತ್ರ. ಗದ್ದೆಯಲ್ಲಿ ನೆನೆದವನು ಹೇಳಿದ ಮಾತು ಅಲ್ಲಿ ಸೋಸಿ ಬಂದಿರುತ್ತದೆ.

ಇದೇ ದಿನಗಳಲ್ಲಿ ಮನ್ರೋಗೆ ಇನ್ನೊಬ್ಬರೊಡನೆ ಪತ್ರವ್ಯವಹಾರ ನಡೆದಿತ್ತು. ಅವರು ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1800ರಲ್ಲಿ ಧೋಂಡಿಯ ವಾಘ್‌ನ ಬೆನ್ನು ಹತ್ತಿದಾಗ ವೆಲ್ಲೆಸ್ಲಿಯ ಸೈನ್ಯಕ್ಕೆ ಕನ್ನಡ ಜಿಲ್ಲೆಯ ಅಕ್ಕಿ ಬೇಕಾಗಿತ್ತು. ಗಡಿಯ ಹಳಿಯಾಳ ಆ ಕಾಲದ ಅವರ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸೆಪ್ಟೆಂಬರ್ 10ರಂದು ಧೋಂಡಿಯ ಹತನಾದ. ಅದೇ ವರ್ಷ ಮನ್ರೋ ಬಳ್ಳಾರಿ–ಕಡಪ ಕಡೆಗೆ ವರ್ಗವಾಗಿ ಹೋದರು.

ಸ್ನೇಹ ಮಾತ್ರ ನಿಲ್ಲಲಿಲ್ಲ. 1803ರ ಸೆಪ್ಟೆಂಬರಿನಲ್ಲಿ ಅಸ್ಸಾಯೆ ಯುದ್ಧ ಗೆದ್ದ ವೆಲ್ಲೆಸ್ಲಿ, ನವೆಂಬರ್ 1ರಂದು ಆ ಕದನವನ್ನೆಲ್ಲ ವಿವರಿಸಿ ಮನ್ರೋ ಅಭಿಪ್ರಾಯ ಕೇಳಿ ಬರೆದರು. ಮನ್ರೋ ಹೊಗಳಿದರು, ಆದರೆ ಸೈನ್ಯವನ್ನು ಎರಡಾಗಿ ಒಡೆದದ್ದು ಸರಿಯೇ ಎಂದು ಕೇಳುವುದನ್ನೂ ಬಿಡಲಿಲ್ಲ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ, 1828ರಲ್ಲಿ ಬ್ರಿಟನ್ನಿನ ಪ್ರಧಾನಿಯಾದವರು ಇದೇ ವೆಲ್ಲೆಸ್ಲಿ. ಗೆದ್ದವನಿಗೂ ತಪ್ಪು ತೋರಿಸುವ ಗೆಳೆಯ ಬೇಕೆಂಬುದಕ್ಕೆ ಆ ಕಾಗದಗಳೇ ಸಾಕ್ಷಿ.

ಮನ್ರೋ 1820ರಲ್ಲಿ ಮದರಾಸಿನ ಗವರ್ನರ್ ಆದರು. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಮೂರೇ ವರ್ಷಗಳಲ್ಲಿ, 1830ರಲ್ಲಿ, ಗ್ಲೇಗ್ ಎಂಬವರು ಆ ಕಾಗದಗಳನ್ನು ಸೇರಿಸಿ ಅವರ ಜೀವನಚರಿತ್ರೆ ಪ್ರಕಟಿಸಿದರು. ಮನೆಯವರು, ಗೆಳೆಯರು, ಕಚೇರಿಗಳು ಕಾಗದಗಳನ್ನು ಎಸೆಯದೆ ಇಟ್ಟುಕೊಂಡಿದ್ದರಿಂದಲೇ ಇದು ಸಾಧ್ಯವಾಯಿತು. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಇನ್ನೂ ಒಂದು ಹೆಜ್ಜೆ ಮುಂದಿದ್ದರು. ಒಂದು ಲೇಖನಿ ಆಡಿದಂತೆ ಇನ್ನೊಂದೂ ಆಡಿ ನಕಲು ಬರೆಯುವ ಯಂತ್ರವನ್ನೇ ಮೇಜಿನ ಮೇಲೆ ಇಟ್ಟುಕೊಂಡಿದ್ದರು.

ನಮ್ಮ ಮನೆಗಳಲ್ಲಿ? ಹಳೆಯ ಸೂಪಾ ಪಟ್ಟಣ ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಸೇರಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಮುಳುಗಿದ ಊರಿನ ಅಂಗಡಿ, ಶಾಲೆ, ಜಾತ್ರೆಗಳ ಸುದ್ದಿ ಯಾವುದಾದರೂ ಟ್ರಂಕಿನ ಇನ್‌ಲ್ಯಾಂಡ್ ಲೆಟರಿನಲ್ಲಿ ಉಳಿದಿದ್ದರೆ ಅದು ಮನ್ರೋ ಪತ್ರಕ್ಕಿಂತ ಕಡಿಮೆಯದಲ್ಲ. ಕಲೆಕ್ಟರ್ ಬರೆಯದೆ ಬಿಟ್ಟದ್ದು ಅದರಲ್ಲಿರುತ್ತದೆ.

ಮಕ್ಕಳು ರಜೆಯಲ್ಲಿ ಅಜ್ಜ-ಅಜ್ಜಿಯ ಜೊತೆ ಕುಳಿತು ಆ ಟ್ರಂಕು ತೆರೆಯಬಹುದು. ಕಾಗದಕ್ಕೆ ತೇವವೇ ಮೊದಲ ಶತ್ರು, ತೇವವಿದ್ದಲ್ಲಿ ಬೂಷ್ಟು ಹಿಡಿಯುತ್ತದೆ. ತುಕ್ಕು ಹಿಡಿದ ಗುಂಡುಪಿನ್ನು ತೆಗೆಯಬೇಕು. ಹರಿದಲ್ಲಿ ಅಂಟುಪಟ್ಟಿ ಹಚ್ಚಬಾರದು, ಲ್ಯಾಮಿನೇಷನ್ ಮಾಡಿಸಬಾರದು. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ಹರಡಿ, ಒಣಗಿದ ಪೆಟ್ಟಿಗೆಯಲ್ಲಿ ಇಡಬೇಕು. ಬರೆದವರು ಯಾರು, ಯಾರಿಗೆ, ಯಾವ ವರ್ಷ ಎಂಬುದನ್ನು ಹಿರಿಯರಿಂದ ಕೇಳಿ ಬೇರೆ ಹಾಳೆಯಲ್ಲಿ ಗುರುತುಹಾಕಬೇಕು. ಹೇಳಬಲ್ಲವರು ಇರುವಾಗಲೇ ಆ ಕೆಲಸ ಆಗಬೇಕು.