ಬೆಳಕು ಕಾಣುವ ಕೋಶಗಳು ಮೈಟೊಕಾಂಡ್ರಿಯವನ್ನು ಕಾಪಾಡಿಕೊಳ್ಳುವ ಬಗೆ

ಕಣ್ಣಿನ ಹಿಂಬದಿಯಲ್ಲಿ ರೆಟಿನಾ ಎಂಬ ತೆಳುಪೊರೆ ಇದೆ. ಬೆಳಕನ್ನು ಗ್ರಹಿಸುವ ಕೋಶಗಳು ಇರುವುದು ಅಲ್ಲೇ. ಮಬ್ಬಿನಲ್ಲಿ ನೋಡಲು ರಾಡ್, ಅಂದರೆ ಸರಳಿನಾಕಾರದ ಕೋಶ. ಹಗಲಿಗೂ ಬಣ್ಣಕ್ಕೂ ಕೋನ್, ಅಂದರೆ ಶಂಕುವಿನಾಕಾರದ ಕೋಶ. ಮನುಷ್ಯರಲ್ಲಿ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎಂಬತ್ತರ ಅಜ್ಜಿ ಇಂದು ನೋಡುತ್ತಿರುವುದು ಬಾಲ್ಯದ ಕೋಶಗಳಿಂದಲೇ.

ಅಷ್ಟು ಕಾಲ ಬಾಳಬೇಕಾದರೆ ಒಳಗಿನ ಮೈಟೊಕಾಂಡ್ರಿಯ ಚೆನ್ನಾಗಿರಬೇಕು. ಸಕ್ಕರೆಯಂಥ ಆಹಾರವನ್ನೂ ಆಮ್ಲಜನಕವನ್ನೂ ಬಳಸಿ ಶಕ್ತಿ ತಯಾರಿಸುವ ಪುಟ್ಟ ಭಾಗಗಳಿವು. ಈ ಕೋಶಗಳ ಎಲಿಪ್ಸಾಯ್ಡ್ ಎಂಬ ಜಾಗದಲ್ಲಿ ಅವು ಕಿಕ್ಕಿರಿದಿರುತ್ತವೆ.

ಕತ್ತಲಲ್ಲಿ ಕಣ್ಣಿಗೆ ವಿಶ್ರಾಂತಿ ಅಲ್ಲವೇ ಎಂದು ನೀವು ಕೇಳಬಹುದು. ಈ ಕೋಶಗಳಿಗೆ ಹಾಗಲ್ಲ. ಕತ್ತಲಲ್ಲಿ ಅವುಗಳ ಬಾಗಿಲುಗಳು ತೆರೆದಿದ್ದು ಸೋಡಿಯಂ ಒಳನುಗ್ಗುತ್ತಲೇ ಇರುತ್ತದೆ. ಅದನ್ನು ಹೊರಹಾಕಲು ಕೋಶ ಬಿಡುವಿಲ್ಲದೆ ಶಕ್ತಿ ವ್ಯಯಿಸುತ್ತದೆ. ಬೆಳಕು ಬಿದ್ದಾಗ ಬಾಗಿಲು ಮುಚ್ಚಿ ಖರ್ಚು ಇಳಿಯುತ್ತದೆ. ಹೀಗೆ ಸದಾ ದುಡಿಯುವ ಮೈಟೊಕಾಂಡ್ರಿಯ ಸವೆಯುವುದು ಸಹಜ.

ಸವೆತ ಸ್ವಲ್ಪವೇ ಇದ್ದರೆ ಎರಡು ಮೈಟೊಕಾಂಡ್ರಿಯ ಒಂದಾಗಿ ಒಳಗಿನ ಸರಕನ್ನು ಹಂಚಿಕೊಳ್ಳುತ್ತವೆ. ಹೆಚ್ಚು ಕೆಟ್ಟ ಭಾಗ ತುಂಡಾಗಿ ಬೇರೆಯಾಗುತ್ತದೆ. ಆ ತುಂಡಿನ ವಿದ್ಯುತ್ ಒತ್ತಡ ಕುಸಿದಾಗ ಪಿಂಕ್-1 ಎಂಬ ಪ್ರೋಟೀನ್ ಅದರ ಮೇಲೆ ಶೇಖರವಾಗುತ್ತದೆ. ಅದರ ಜಾಡು ಹಿಡಿದು ಬರುವ ಪಾರ್ಕಿನ್ ಎಂಬ ಪ್ರೋಟೀನ್, ಕಡಿಯಬೇಕಾದ ಮರಕ್ಕೆ ಅರಣ್ಯ ಇಲಾಖೆಯವರು ಗುರುತು ಹಾಕುವ ಹಾಗೆ, ಯುಬಿಕ್ವಿಟಿನ್ ಎಂಬ ಗುರುತು ಅಂಟಿಸುತ್ತದೆ. ಗುರುತಾದದ್ದನ್ನು ಒಂದು ಪೊರೆ ಸುತ್ತಿಕೊಂಡು ಕೋಶದ ಜೀರ್ಣಚೀಲಕ್ಕೆ, ಅಂದರೆ ಲೈಸೋಸೋಮಿಗೆ, ಒಪ್ಪಿಸುತ್ತದೆ. ಅಲ್ಲಿ ಕರಗಿದ್ದು ಕೋಶಕ್ಕೇ ಮತ್ತೆ ಬಳಕೆಯಾಗುತ್ತದೆ. ಇದಕ್ಕೆ ಮೈಟೋಫಜಿ ಎನ್ನುತ್ತಾರೆ. ಕೋಶ ತನ್ನದನ್ನೇ ಅರಗಿಸಿಕೊಳ್ಳುವ ಈ ಬಗೆಯ ವ್ಯವಸ್ಥೆಯ ಸಂಶೋಧನೆಗೆ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು.

ನನಗೆ ಅತ್ಯಂತ ಸೋಜಿಗವೆನಿಸಿದ್ದು ಜೀಬ್ರಾಮೀನಿನ ಕಣ್ಣು. ನಮ್ಮ ದೇಶದ ಹೊಳೆಗಳಲ್ಲೂ ಇರುವ ಈ ಪುಟ್ಟ ಮೀನಿನ ಕೋನ್ ಕೋಶಗಳು ಕೆಟ್ಟ ಮೈಟೊಕಾಂಡ್ರಿಯವನ್ನು ಹೊರದೂಡಿ, ಪಕ್ಕದಲ್ಲಿರುವ ಮ್ಯುಲರ್ ಎಂಬ ಆಸರೆ ಕೋಶಗಳಿಗೆ ದಾಟಿಸುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಇಂಥ ಸೂಕ್ಷ್ಮ ಕೋಶಕ್ಕೂ ನೆರೆಹೊರೆ ಬೇಕು.

ನಮ್ಮ ಕಣ್ಣಿನ ಮೈಟೊಕಾಂಡ್ರಿಯವನ್ನು ನೋಡಬಹುದೇ? ಒಂದೊಂದು ಮೈಟೊಕಾಂಡ್ರಿಯ ಕಾಣುವುದಿಲ್ಲ. ಆದರೆ ಓಸಿಟಿ ಸ್ಕ್ಯಾನ್ ಬೆಳಕಿನಿಂದಲೇ ರೆಟಿನಾದ ಪದರಗಳ ಚಿತ್ರ ತೆಗೆಯುತ್ತದೆ. ಅದರಲ್ಲಿ ಎಲಿಪ್ಸಾಯ್ಡ್ ಝೋನ್ ಎಂಬ ಹೊಳೆಯುವ ಗೆರೆ ಇರುತ್ತದೆ. ಆ ಹೊಳಪಿಗೆ ಕಿಕ್ಕಿರಿದ ಮೈಟೊಕಾಂಡ್ರಿಯವೇ ಕಾರಣವೆಂಬುದು ಹೆಚ್ಚಿನವರ ಅಭಿಪ್ರಾಯ. ಗೆರೆ ಮುರಿದಿದ್ದರೆ ಅಲ್ಲಿನ ಕೋಶಗಳಿಗೆ ತೊಂದರೆಯಾಗಿದೆ ಎಂದು ವೈದ್ಯರು ತಿಳಿಯುತ್ತಾರೆ. ವರದಿ ನೋಡಿ ಗಾಬರಿಯಾಗಬೇಡಿ. ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದ ರಂಧ್ರಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಗೆರೆ ಮತ್ತೆ ಕೂಡಿಕೊಂಡದ್ದೂ ಉಂಟು.

ಸ್ಕ್ಯಾನಿಗೆ ಕೆಲವೇ ನಿಮಿಷ ಸಾಕು, ಸೂಜಿ ಚುಚ್ಚುವುದಿಲ್ಲ. ರೆಟಿನಾ ವಿಭಾಗವಿರುವ ಕಣ್ಣಾಸ್ಪತ್ರೆಗಳಲ್ಲಿ ಇದು ಸಿಗುತ್ತದೆ. ಖಾಸಗಿಯಲ್ಲಿ ದರ ಒಂದೊಂದು ಕಡೆ ಒಂದೊಂದು; ಮೊದಲೇ ಕೇಳಿಕೊಳ್ಳಿ. ಬೆಂಗಳೂರಿನ ಮಿಂಟೋದಂಥ ಸರ್ಕಾರಿ ಆಸ್ಪತ್ರೆಯಲ್ಲೂ ವಿಚಾರಿಸಿ.

ಅಂಗಡಿಯ ವಿಟಮಿನ್ ಮಾತ್ರೆ ನುಂಗಿದರೆ ಮೈಟೊಕಾಂಡ್ರಿಯ ಹೊಸದಾಗುವುದಿಲ್ಲ. ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಸವೆತದ ನಿರ್ದಿಷ್ಟ ಹಂತದಲ್ಲಿ ಕೆಲವು ಮಾತ್ರೆಗಳು ಉಪಯುಕ್ತ. ಹಂತ ಯಾವುದೆಂದು ವೈದ್ಯರೇ ಹೇಳಬೇಕು. ಬೀಡಿ, ಸಿಗರೇಟು ಬಿಡಿ. ಸಕ್ಕರೆ ಕಾಯಿಲೆಯಿದ್ದರೆ ವರ್ಷಕ್ಕೊಮ್ಮೆ ರೆಟಿನಾ ತೋರಿಸಿ. ಕಣ್ಣಿನ ಪಾಪೆ ಹಿಗ್ಗಿಸಲು ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಂಜಾಗಿ ಕಾಣುತ್ತದೆ. ಆ ದಿನ ಬೈಕ್ ಓಡಿಸದೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.