ಪಾಲಾರ್‌ಗೆ ಎರಡನೇ ದಾರಿ ಯಾವುದು?

ವೀಕ್ಷಕರೇ, ‘ಸರ್ವರ್ ಡೌನ್’ ಅನ್ನೋ ಎರಡು ಪದ ಈಗ ಅಚ್ಚ ಕನ್ನಡವೇ ಆಗಿಹೋಗಿದೆ. ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಂತ ಅಜ್ಜಿಗೂ ಗೊತ್ತು, ನಾಡಕಚೇರಿಗೆ ಜಾತಿ ಪ್ರಮಾಣಪತ್ರ ಕೇಳೋಕೆ ಬಂದ ಹುಡುಗನಿಗೂ ಗೊತ್ತು. ಆದರೆ ಎಷ್ಟೋ ಸಲ ಸರ್ವರ್‌ಗೆ ಏನೂ ಆಗಿರೋದಿಲ್ಲ. ಬೆಂಗಳೂರಲ್ಲೋ ದಿಲ್ಲಿಯಲ್ಲೋ ಎಸಿ ಕೋಣೆಯೊಳಗೆ ತಣ್ಣಗೆ ಕೆಲಸ ಮಾಡ್ತಾ ಇರುತ್ತೆ. ಕಡಿದು ಹೋಗಿರೋದು ಅಲ್ಲಿಗೆ ಹೋಗುವ ದಾರಿ. ಆ ದಾರಿ ಯಾಕೆ ಕಡಿಯುತ್ತೆ, ಕಡಿದರೂ ಊರು ಕತ್ತಲಾಗದ ಹಾಗೆ ಹೇಗೆ ಕಟ್ಟಬೇಕು ಅನ್ನೋದನ್ನ ಇವತ್ತು ಪಾಲಾರನ್ನ ಮುಂದಿಟ್ಟುಕೊಂಡು ಹೇಳ್ತೀನಿ.

ಯಾವ ಪಾಲಾರ್? ನಂದಿ ಬೆಟ್ಟದ ಕಡೆ ಹುಟ್ಟಿ ಕೋಲಾರ ದಾಟಿ ಹೋಗುವ ನದಿ ಅಲ್ಲ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ಹಾದು ಮಾದಪ್ಪನ ಬೆಟ್ಟ ಹತ್ತಿ, ಆ ಕಡೆ ಕಾಡಿನೊಳಗೆ ಇಳಿದರೆ ಸಿಗುವ ಗಡಿ ಊರು. ಹಳಬರಿಗೆ ಈ ಹೆಸರು ಕೇಳಿದರೆ ನೆನಪಾಗೋದು 1993ರ ಏಪ್ರಿಲ್ 9. ವೀರಪ್ಪನ್ ಇಟ್ಟ ನೆಲಬಾಂಬಿಗೆ 22 ಜನ ಸತ್ತ ದಿನ. ಅದನ್ನ ಬಿಟ್ಟರೆ ಟೀವಿಯವರಾದ ನಮಗೂ ಪಾಲಾರ್ ಅಷ್ಟಾಗಿ ನೆನಪಾಗೋದಿಲ್ಲ. ಆದರೆ ಅಲ್ಲಿ ಸೋಲಿಗರ ಹಾಡಿ ಇದೆ, ಚೆಕ್‌ಪೋಸ್ಟ್ ಇದೆ, ಅಮಾವಾಸ್ಯೆಗೂ ಜಾತ್ರೆಗೂ ತಮಿಳುನಾಡಿನಿಂದ ಬರುವ ಭಕ್ತರ ಬಸ್ಸುಗಳಿವೆ. ಬೆಟ್ಟದಿಂದ ಗೋಪಿನಾಥಂಗೆ ಹೋಗೋರೂ ಪಾಲಾರ್ ಮೇಲೆಯೇ ಹೋಗಬೇಕು.

ಕರ್ನಾಟಕದ ಭೂಪಟದಲ್ಲಿ ಇದು ತುದಿ. ರಸ್ತೆಗೆ ಮಾತ್ರ ಇದು ತುದಿಯಲ್ಲ. ಹಳ್ಳ ದಾಟಿ ಗೋವಿಂದಪಾಡಿ, ಕೊಳತ್ತೂರು, ಮೆಟ್ಟೂರಿಗೆ ಹೋಗುತ್ತೆ. ಈ ಮಾತು ತಲೆಯಲ್ಲಿ ಇಟ್ಕೊಂಡಿರಿ, ಕೊನೆಗೆ ಬೇಕಾಗುತ್ತೆ.

ಈಗ ವಿಷಯಕ್ಕೆ ಬರೋಣ. ಮೊಬೈಲ್ ಗಾಳಿಯಲ್ಲಿ ಓಡುತ್ತೆ ಅಂತ ನಾವು ಅಂದುಕೊಂಡಿದ್ದೀವಿ. ಗಾಳಿಯಲ್ಲಿ ಓಡೋದು ನಿಮ್ಮ ಫೋನಿನಿಂದ ಟವರ್ ತನಕ, ಒಂದೆರಡು ಕಿಲೋಮೀಟರ್ ಅಷ್ಟೇ. ಅಲ್ಲಿಂದ ಮುಂದೆ ಅದು ಸಾಮಾನ್ಯವಾಗಿ ಮಣ್ಣಿನೊಳಗಿನ ಗಾಜಿನ ಎಳೆ, ಅಂದರೆ ಆಪ್ಟಿಕಲ್ ಫೈಬರ್. ಟವರ್ ಅನ್ನೋದು ನಲ್ಲಿ, ಫೈಬರ್ ಅನ್ನೋದು ಪೈಪ್. 2022ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗೆ 4ಜಿ ಕೊಡೋಕೆ 26,316 ಕೋಟಿ ರೂಪಾಯಿ ಮಂಜೂರು ಮಾಡಿತು. ಒಳ್ಳೆಯದೇ. ಆದರೆ ನಲ್ಲಿ ಎಷ್ಟು ಹಾಕಿದರೂ ಪೈಪ್ ಒಂದೇ ಆದರೆ ಕಥೆ ಅಷ್ಟಕ್ಕೇ ನಿಲ್ಲುತ್ತೆ.

ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆ ಒಪ್ಪಿಗೆ ಪಡೆದಿದ್ದು 2011ರ ಅಕ್ಟೋಬರ್‌ನಲ್ಲಿ. ಆಮೇಲೆ ಅದೇ ಭಾರತ್‌ನೆಟ್ ಆಯಿತು. ಮೊದಲ ಹಂತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪಂಚಾಯಿತಿ ಮುಟ್ಟಿದ್ದೀವಿ ಅಂತ 2017ರ ಡಿಸೆಂಬರ್‌ನಲ್ಲಿ ಲೆಕ್ಕ ಕೊಟ್ಟರು. ಎಳೆದಿದ್ದು ಹೇಗೆ? ಬಹುಪಾಲು ಉದ್ದಗೆರೆಯಲ್ಲಿ. ತಾಲ್ಲೂಕು ಕೇಂದ್ರದಿಂದ ಹೊರಟ ಕೇಬಲ್ ಕೊನೆಯ ಪಂಚಾಯಿತಿಗೆ ಹೋಗಿ ನಿಂತುಬಿಡುತ್ತೆ. ನಡುವೆ ಎಲ್ಲೇ ಕಡಿದರೂ ಅದರ ಆಚೆಗಿರೋರೆಲ್ಲ ಹೋದರು. ನಾನು ಇಂಜಿನಿಯರಿಂಗ್ ಓದುವಾಗ ಲೈನ್, ರಿಂಗ್ ವ್ಯತ್ಯಾಸ ಬರೆಯಿರಿ ಅನ್ನೋದು ಗ್ಯಾರಂಟಿ ಪ್ರಶ್ನೆ. ಉಂಗುರದ ಆಕಾರದಲ್ಲಿ ಕಟ್ಟಿದರೆ ಒಂದು ಕಡೆ ಕಡಿದಾಗ ಇನ್ನೊಂದು ಕಡೆಯಿಂದ ಸುತ್ತಿಕೊಂಡು ಬರುತ್ತೆ. ಇಷ್ಟೇ ಉತ್ತರ. ದೇಶ ಆ ಉತ್ತರ ಬರೆದಿದ್ದು 2023ರ ಆಗಸ್ಟ್‌ನಲ್ಲಿ. ಭಾರತ್‌ನೆಟ್‌ನ ತಿದ್ದುಪಡಿ ಯೋಜನೆಗೆ 1,39,579 ಕೋಟಿ ಕೊಟ್ಟು, 2.64 ಲಕ್ಷ ಪಂಚಾಯಿತಿಗಳನ್ನ ರಿಂಗ್‌ನಲ್ಲಿ ಸೇರಿಸಬೇಕು, 10 ವರ್ಷ ನಿರ್ವಹಣೆ ಮಾಡಬೇಕು, ಪವರ್ ಬ್ಯಾಕಪ್ ಇರಬೇಕು ಅಂತ ಹೇಳಿದರು.

ಇಲ್ಲೊಂದು ಮೋಸ ಇದೆ. ಅದನ್ನ ನಮ್ಮ ಕಸುಬಿನಿಂದಲೇ ಹೇಳ್ತೀನಿ. ಲೈವ್ ಕೊಡೋಕೆ ಹೋಗುವ ವರದಿಗಾರರ ಬೆನ್ನಿಗೆ ಒಂದು ಬ್ಯಾಗ್ ಇರುತ್ತೆ. ಅದರೊಳಗೆ ಬೇರೆ ಬೇರೆ ಕಂಪನಿಗಳ ಸಿಮ್. ಒಂದು ಕೈಕೊಟ್ಟರೆ ಇನ್ನೊಂದು ಅನ್ನೋದು ಲೆಕ್ಕ. ಒಂದು ಜಾತ್ರೆಯ ದಿನ ನಾನು ಸ್ಟುಡಿಯೋದಲ್ಲಿ ಕೂತು ಮಾತಾಡಿಸ್ತಿದ್ದಾಗ ಆ ಎಲ್ಲ ಸಿಮ್ ಒಂದೇ ಸೆಕೆಂಡಿಗೆ ಸತ್ತವು. ಆಮೇಲೆ ಗೊತ್ತಾಯ್ತು: ಕಂಪನಿ ಬೇರೆ, ಟವರ್ ಬೇರೆ, ಆದರೆ ಕೇಬಲ್‌ಗಳೆಲ್ಲ ಒಂದೇ ರಸ್ತೆಯ ಒಂದೇ ಅಂಚಿನಲ್ಲಿ ಬಂದಿದ್ದವು. ಅಲ್ಲಿ ಜೆಸಿಬಿ ಅಗೆದಿತ್ತು. ಉಂಗುರಕ್ಕೂ ಇದೇ ಗತಿ. ಹೋಗುವ ಕೇಬಲ್, ಬರುವ ಕೇಬಲ್ ಎರಡನ್ನೂ ಒಂದೇ ಕಾಲುವೆಯಲ್ಲಿ ಹೂತರೆ ನಕ್ಷೆಯಲ್ಲಿ ಅದು ರಿಂಗ್, ನೆಲದಲ್ಲಿ ಲೈನ್. ಒಂದೇ ರಸ್ತೆ ಇರುವ ಬೆಟ್ಟದ ಊರಲ್ಲಿ ಗುತ್ತಿಗೆದಾರ ಹೀಗೆ ಮಾಡೋ ಆಸೆಗೆ ಬೀಳೋದು ಸಹಜ.

ಕಡಿದ ಮೇಲೆ ಏನು? ಓಟಿಡಿಆರ್ ಅಂತ ಒಂದು ಪೆಟ್ಟಿಗೆ ಇದೆ. ಎಳೆಯೊಳಗೆ ಬೆಳಕಿನ ಮಿಡಿತ ಬಿಡುತ್ತೆ, ತುಂಡಾದ ಜಾಗದಿಂದ ಬೆಳಕು ವಾಪಸ್ ಬರೋ ಸಮಯ ಅಳೆಯುತ್ತೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 20 ಕಿಲೋಮೀಟರ್ ದೂರದಲ್ಲಿ ತುಂಡಾಗಿದ್ದರೆ ಸೆಕೆಂಡಿನ ಐದು ಸಾವಿರದ ಒಂದು ಭಾಗದಲ್ಲಿ ಉತ್ತರ ಬರುತ್ತೆ. ಜಾಗ ಗೊತ್ತಾಗೋಕೆ ಅಷ್ಟು ಸಾಕು. ಜಾಗಕ್ಕೆ ಹೋಗೋದೇ ಕಷ್ಟ. ಇದು 2013ರಲ್ಲಿ ಘೋಷಣೆಯಾದ ವನ್ಯಜೀವಿಧಾಮ. ಸಂಜೆಯಾದ ಮೇಲೆ ರಸ್ತೆ ಆನೆಯದು. ಕೂದಲೆಳೆಯಂಥ ಗಾಜು ಬೆಸೆಯುವ ಯಂತ್ರ, ಅದನ್ನ ಬಳಸಲು ಬರುವ ಹುಡುಗ, ಅವನಿಗೊಂದು ಜೀಪು, ಇವು ಹನೂರಿನಲ್ಲಿ ಇದ್ದರೆ ಒಂದು ಥರ, ಮೈಸೂರಿನಿಂದ ಬರಬೇಕು ಅಂದರೆ ಇನ್ನೊಂದು ಥರ. ಯೋಜನೆಯ ಉದ್ಘಾಟನೆಗೆ ರಿಬ್ಬನ್ ಕತ್ತರಿಸೋರು ಸಿಗ್ತಾರೆ, ಈ ಹುಡುಗನ ಸಂಬಳದ ಬಗ್ಗೆ ಮಾತಾಡೋರು ಸಿಗಲ್ಲ. ಕರೆಂಟಿನದೂ ಹೀಗೇ. ಫೈಬರ್ ಸರಿ ಇದ್ದು ಪಂಚಾಯಿತಿಯ ಬ್ಯಾಟರಿ ಸತ್ತಿದ್ದರೂ ಜನರಿಗೆ ಕೇಳಿಸೋದು ಅದೇ ‘ಸರ್ವರ್ ಡೌನ್’.

ಇದು ಬಡ ಊರಿನ ಸಮಸ್ಯೆ ಮಾತ್ರ ಅಲ್ಲ. 2022ರ ಜನವರಿಯಲ್ಲಿ ಪೆಸಿಫಿಕ್ ಸಾಗರದ ಟೋಂಗಾ ದೇಶದಲ್ಲಿ ಜ್ವಾಲಾಮುಖಿ ಸಿಡಿದು, ಹೊರ ಜಗತ್ತಿಗಿದ್ದ ಒಂದೇ ಒಂದು ಸಮುದ್ರದ ಕೇಬಲ್ ತುಂಡಾಯಿತು. ಸರಿಹೋಗೋಕೆ ಐದು ವಾರ ಬೇಕಾಯ್ತು. ಇಡೀ ದೇಶಕ್ಕೇ ಎರಡನೇ ದಾರಿ ಇರಲಿಲ್ಲ.

ಪಾಲಾರ್‌ನಲ್ಲಿ ಕಡಿದರೆ ಏನು ನಷ್ಟ, ರೀಲ್ಸ್ ನೋಡೋಕಾಗಲ್ಲ ಅಷ್ಟೇ ತಾನೇ ಅನ್ನೋರಿದ್ದಾರೆ. ಅಕ್ಕಿ ಕೊಡೋಕೆ ಹೆಬ್ಬೆಟ್ಟು, ಹೆಬ್ಬೆಟ್ಟು ಒಪ್ಪೋಕೆ ನೆಟ್‌ವರ್ಕ್. 108ಕ್ಕೆ ಕರೆ ಮಾಡೋಕೆ ನೆಟ್‌ವರ್ಕ್. ನೆಟ್‌ವರ್ಕ್ ಇಲ್ಲ ಅಂತ ಯಾರಿಗೂ ರೇಷನ್ ನಿಲ್ಲಿಸಬಾರದು ಅಂತ ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಅಂದರೆ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಡುವ ದಾರಿ ಅಂಗಡಿಯಲ್ಲಿ ಇರಲೇಬೇಕು. ನನ್ನ ಪ್ರಕಾರ ಅದೂ ನೆಟ್‌ವರ್ಕ್ ವಿನ್ಯಾಸದ ಭಾಗವೇ.

ಎರಡನೇ ದಾರಿಗೆ ದುಡ್ಡು ಯಾರದು? ಲಾಭದ ಲೆಕ್ಕ ಹಾಕಿದರೆ ಯಾರೂ ಹಾಕಲ್ಲ. ನಮ್ಮ ಸೀಮೆಗೆ ಇದು ಹಳೇ ಅನುಭವ. 1902ರಲ್ಲಿ ಕೊಳ್ಳೇಗಾಲದ ಪಕ್ಕದ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಊರುಗಳ ತಲೆ ಮೇಲೆ ಹಾದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ 1905ರಲ್ಲಿ. ಹಳ್ಳಿಗಳು ಸಾಲಿನಲ್ಲಿ ನಿಂತಿದ್ದವು. ಈ ಸಲ ಒಂದು ವ್ಯತ್ಯಾಸ ಇದೆ. ಟೆಲಿಕಾಂ ಕಂಪನಿಗಳ ಆದಾಯದ ಶೇಕಡಾ 5ರಷ್ಟು ಹಳ್ಳಿ ಸಂಪರ್ಕದ ನಿಧಿಗೆ ಹೋಗುತ್ತೆ; ಅದರ ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. ನಿಮ್ಮ ರೀಚಾರ್ಜಿನ ಪಾಲು ಅದರಲ್ಲಿದೆ. ಹಾಗಾಗಿ ಕೇಳೋದು ಭಿಕ್ಷೆ ಅಲ್ಲ.

ಈಗ ಆ ರಸ್ತೆಯ ಮಾತು. ಪಾಲಾರ್‌ಗೆ ಬೆಟ್ಟದಿಂದ ಇಳಿಯುವ ಕೇಬಲ್ ಒಂದು ಕೈ. ಇನ್ನೊಂದು ಕೈ ಎಲ್ಲಿಂದ ಬರಬೇಕು? ಕಾಡು ಸುತ್ತಿ ಹನೂರಿಗೇ ವಾಪಸ್ ಅಗೆಯೋದಕ್ಕಿಂತ ಹಳ್ಳ ದಾಟಿ ಮೆಟ್ಟೂರಿನ ಕಡೆ ಜೋಡಿಸೋದು ಸಲೀಸು. ರಸ್ತೆ ಇದ್ದೇ ಇದೆ. ಅಡ್ಡ ಬರೋದು ಕಾಗದ. ಟೆಲಿಕಾಂ ಲೆಕ್ಕದಲ್ಲಿ ಕರ್ನಾಟಕ ಒಂದು ಸರ್ಕಲ್, ತಮಿಳುನಾಡು ಇನ್ನೊಂದು. ಆ ಕಡೆ ಭಾರತ್‌ನೆಟ್ ಕೆಲಸ ತಮಿಳುನಾಡು ಫೈಬರ್‌ನೆಟ್ ನಿಗಮದ್ದು, ಈ ಕಡೆಯದು ಬೇರೆಯವರದ್ದು. ಹೀಗೆ ಎರಡೂ ರಾಜ್ಯ ತಮ್ಮ ತಮ್ಮ ಉಂಗುರ ಗಡಿಯ ಒಳಗೇ ಮುಗಿಸಿಕೊಂಡರೆ ಗಡಿ ಊರುಗಳು ಎರಡು ಕಡೆಯೂ ಬಾಲದ ತುದಿಯಾಗೇ ಉಳೀತವೆ. ಕಾವೇರಿ ನೀರನ್ನ ಬಿಳಿಗುಂಡ್ಲುವಿನಲ್ಲಿ ಅಳೆಯೋಕೆ, ಲೆಕ್ಕ ಹಂಚಿಕೊಳ್ಳೋಕೆ ನಮಗೆ ವ್ಯವಸ್ಥೆ ಇದೆ. ಒಂದು ಪೈಪ್ ಗಾಜಿನೆಳೆ ದಾಟಿಸೋಕೆ ಎರಡು ಸಹಿ ಹಾಕಿಸೋದು ಅದಕ್ಕಿಂತ ಕಷ್ಟವೇನಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ‘ನಿಮ್ಮ ಪಂಚಾಯಿತಿಗೂ ಫೈಬರ್ ಬಂದಾಯ್ತು’ ಅಂದರೆ ಇಷ್ಟು ಕೇಳಿ: ಎರಡನೇ ಕೇಬಲ್ ಯಾವ ರಸ್ತೆಯಲ್ಲಿ ಬರುತ್ತೆ, ಕರೆಂಟ್ ಹೋದರೆ ಎಷ್ಟು ಗಂಟೆ ಓಡುತ್ತೆ, ಕಡಿದರೆ ಬೆಸೆಯೋಕೆ ಬರೋರು ಎಲ್ಲಿಂದ ಹೊರಡ್ತಾರೆ. ಉತ್ತರವನ್ನ ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ.