ಎಣಿಸುವ ಹುಡುಗನ ಕೈಗೆ ನೇಗಿಲು

ಒಂದೇ ಕೆಲಸವನ್ನು ನೂರು ಸಲ ಮಾಡುವ ಮಗುವಿನ ಜೊತೆ ಹೇಗೆ ಬಾಳಬೇಕು ಎನ್ನುವುದಕ್ಕೆ ನಾನು ಬಲ್ಲ ಅತ್ಯುತ್ತಮ ಪಾಠ ಅಮೆರಿಕದ ಮಿಸಿಸಿಪಿಯ ಒಂದು ರೈತ ಮನೆಯದು.

ಡೊನಾಲ್ಡ್ ಟ್ರಿಪ್ಲೆಟ್ 1933ರಲ್ಲಿ ಹುಟ್ಟಿದವನು. ಎರಡನೇ ವರ್ಷದಲ್ಲೇ ದುಂಡಗಿರುವುದು ಏನು ಸಿಕ್ಕರೂ ನೆಲಕ್ಕಿಟ್ಟು ಗಿರ್ರನೆ ತಿರುಗಿಸುತ್ತಿದ್ದ, ತಡೆದರೆ ರಂಪ. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಕೊಟ್ಟು ಆಟಿಸಂ ಕುರಿತು ಬರೆದ ಹೆಸರಾಂತ ಪ್ರಬಂಧದ ಮೊದಲ ಮಗು ಇವನೇ. ಅದಕ್ಕೂ ಒಂದು ವರ್ಷ ಮೊದಲು ಹೆತ್ತವರು ಅವನನ್ನು ಸುಮಾರು 10 ಮೈಲಿ ದೂರದಲ್ಲಿ ಗೇಣಿಗೆ ಹೊಲ ಮಾಡುತ್ತಿದ್ದ ಲೂಯಿಸ್ ದಂಪತಿಯ ಬಳಿ ಬಿಟ್ಟಿದ್ದರು. 1945ರ ಮೇ ತಿಂಗಳಲ್ಲಿ ಅಲ್ಲಿಗೆ ಹೋದ ಕ್ಯಾನರ್ ಆ ಗಂಡ ಹೆಂಡಿರ ಜಾಣ್ಮೆಗೆ ಬೆರಗಾದರು.

ಹುಡುಗನಿಗೆ ಕಂಡದ್ದನ್ನೆಲ್ಲ ಅಳೆಯುವ ಗೀಳು. ಅವರು ಅವನಿಂದ ಬಾವಿ ತೋಡಿಸಿದರು, ಎಷ್ಟು ಆಳವಾಯಿತೆಂದು ಅಳೆದು ಹೇಳಲು ಹಚ್ಚಿದರು. ಸತ್ತ ಹಕ್ಕಿ, ಹುಳುಗಳನ್ನು ಒಟ್ಟುಮಾಡತೊಡಗಿದಾಗ ಅವುಗಳನ್ನು ಹೂಳಲು ಒಂದು ಜಾಗ ಗೊತ್ತುಮಾಡಿ ಕೊಟ್ಟರು. ಅವನು ಪ್ರತಿಯೊಂದಕ್ಕೂ ಗುರುತಿನ ಫಲಕ ನೆಟ್ಟು, ಅದರ ಮೇಲೆ ಒಂದು ಹೆಸರು, ಆ ಜೀವಿಯ ಜಾತಿ, ಕೊನೆಗೆ ಲೂಯಿಸ್ ಮನೆತನದ ಹೆಸರು ಬರೆದ. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದವನ ಕೈಗೆ ನೇಗಿಲು ಕೊಟ್ಟು, ಉಳುತ್ತಾ ಎಣಿಸು ಎಂದರು. ಕ್ಯಾನರ್ ನೋಡುತ್ತಿರುವಾಗಲೇ ಅವನು ಕುದುರೆಯನ್ನು ಸಲೀಸಾಗಿ ತಿರುಗಿಸುತ್ತಾ ಉದ್ದನೆಯ 6 ಸಾಲು ಉತ್ತ.

ಇದರ ಕುಶಲತೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸುಮ್ಮನೆ ನಿಂತು ಎಣಿಸಿದರೆ ಎಣಿಕೆಗೆ ಕೊನೆಯೇ ಇಲ್ಲ. ಉಳುತ್ತಾ ಎಣಿಸುವವನು ಮುಂದಿನ ಅಂಕಿ ತಲುಪಬೇಕಾದರೆ ಒಂದು ಸಾಲು ಉತ್ತಿರಲೇಬೇಕು. ಅಂದರೆ ಅವನಿಗೆ ಬೇಕಾದದ್ದೇ ಅವನ ದುಡಿಮೆಯ ಕೂಲಿಯಾಯಿತು. ಸತ್ತ ಹುಳುಗಳ ವಿಷಯದಲ್ಲಿ ಮಾಡಿದ್ದು ಬೇರೆ: ಗೀಳಿಗೆ ಒಂದು ಎಲ್ಲೆ ಹಾಕಿದರು, ಅದರೊಳಗೆ ಬರವಣಿಗೆಯೂ ಬಂತು. ಅವರು ಅವನನ್ನು ತುಂಬ ಪ್ರೀತಿಸುತ್ತಿದ್ದರು, ಪ್ರೀತಿಯ ಜೊತೆಗೆ ಬಿಗಿಯೂ ಇತ್ತು ಎಂದು ಕ್ಯಾನರ್ ಗುರುತಿಸಿದ್ದಾರೆ. ಈ ಎರಡನೆಯದನ್ನು ನಾವು ಮರೆಯುತ್ತೇವೆ. ಡೊನಾಲ್ಡ್ ಮುಂದೆ ಕಾಲೇಜು ಓದಿ ಪದವಿ ಪಡೆದು, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿಕೊಂಡು, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಆಟಿಸಂ ಇರುವ ಎಲ್ಲ ಮಕ್ಕಳ ಬದುಕೂ ಹೀಗೆ ಸಾಗುತ್ತದೆಂದಲ್ಲ. ಮಾತೇ ಬಾರದ ಮಕ್ಕಳೂ ಇದ್ದಾರೆ. ಆದರೆ ಗೀಳನ್ನು ಕಿತ್ತುಹಾಕುವ ಮೊದಲು ಅದು ಮಗುವಿಗೆ ಏನು ಕೊಡುತ್ತಿದೆ ಎಂದು ನೋಡುವ ಕಣ್ಣು ಎಲ್ಲ ಮಕ್ಕಳ ವಿಷಯದಲ್ಲೂ ಬೇಕು.

ಒಳ್ಳೆಯ ವಿಶೇಷ ಶಿಕ್ಷಕಿಯರು ಶುರುಮಾಡುವುದೇ ಅಲ್ಲಿಂದ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಂ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಮಗು ಲೈಟಿನ ಸ್ವಿಚ್ಚನ್ನು ಹಾಕಿ ಆರಿಸಿ ಮಾಡುತ್ತಲೇ ಇದೆ ಎಂದುಕೊಳ್ಳಿ. ಬೆಳಕು ಮಿಣುಕುವುದೇ ಅದಕ್ಕೆ ಹಿತವಿರಬಹುದು. ನೆಂಟರ ಗದ್ದಲ ತಾಳಲಾರದೆ ಅದರಲ್ಲಿ ಮುಳುಗಿರಬಹುದು. ಅಥವಾ ಸ್ವಿಚ್ಚು ಮುಟ್ಟಿದ ಕೂಡಲೇ ಅಮ್ಮ ಅಡುಗೆಮನೆಯಿಂದ ಓಡಿಬರುತ್ತಾಳೆ ಎಂಬುದು ಅದಕ್ಕೆ ಗೊತ್ತಾಗಿರಬಹುದು. ಕಣ್ಣಿಗೆ ಕಾಣುವ ವರ್ತನೆ ಒಂದೇ, ಕಾರಣ ಮೂರು. ಮೊದಲನೆಯದಕ್ಕೆ ಮಿಣುಕುವ ಆಟಿಕೆ ಸಾಕು, ಎರಡನೆಯದಕ್ಕೆ ಸದ್ದಿಲ್ಲದ ಕೋಣೆ ಬೇಕು, ಮೂರನೆಯದಕ್ಕೆ ಅಮ್ಮನನ್ನು ಕರೆಯುವ ಇನ್ನೊಂದು ದಾರಿ ಕಲಿಸಬೇಕು.

ಕಾರಣಕ್ಕೆ ಒಪ್ಪುವ ದಾರಿಯನ್ನೇ ಕಲಿಸಬೇಕು ಎಂಬುದನ್ನು ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಾಂಡ್ 1985ರಲ್ಲಿ 4 ಮಕ್ಕಳೊಂದಿಗೆ ಮಾಡಿದ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಪಾಠ ಕಷ್ಟವಾಗಿ ರಂಪ ಮಾಡುವ ಮಗುವಿಗೆ ಸಹಾಯ ಕೇಳುವ ಮಾತು ಕಲಿಸಿದರೆ ರಂಪ ಇಳಿಯಿತು. ಅದೇ ಮಗುವಿಗೆ ಶಿಕ್ಷಕರ ಗಮನ ಸೆಳೆಯುವ ಮಾತು ಕಲಿಸಿದರೆ ಉಪಯೋಗವಾಗಲಿಲ್ಲ. ಮಾತು ಬಾರದ ಮಕ್ಕಳಿಗೆ ಚಿತ್ರದ ಕಾರ್ಡು, ಕೈಸನ್ನೆಗಳೂ ಆಗುತ್ತವೆ.

ಇನ್ನು ಎಲ್ಲೆ ಹಾಕುವ ಕೆಲಸ. "ಸಾಕು, ನಿಲ್ಲಿಸು" ಎಂದು ಥಟ್ಟನೆ ಕಿತ್ತುಕೊಂಡರೆ ಹಟ ಹೆಚ್ಚುತ್ತದೆ. ಹಲಗೆಯ ಮೇಲೆ ಎರಡು ಚಿತ್ರ ಅಂಟಿಸಿ: ಮೊದಲು ಊಟ, ಆಮೇಲೆ ನೀರಾಟ. ನೀರಾಟ ಎಷ್ಟು ಹೊತ್ತು ಎಂಬುದನ್ನು ಮರಳು ಗಡಿಯಾರ ತೋರಿಸಲಿ. ಮುಗಿಯುವ ಮುನ್ನ ಒಮ್ಮೆ ತಿಳಿಸಿ, ಹೇಳಿದ ಹೊತ್ತಿಗೆ ಮುಗಿಸಿ. ಮುಂದೇನೆಂದು ತಿಳಿಯದ ಕಳವಳವೇ ಎಷ್ಟೋ ಗೀಳುಗಳಿಗೆ ಗೊಬ್ಬರ. ಖುಷಿಯಾದಾಗ ಕೈ ಪಟಪಟ ಆಡಿಸುವ ಮಗುವನ್ನು ಮಾತ್ರ ಅದರ ಪಾಡಿಗೆ ಬಿಡಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಯಾರಿಗೂ ನೋವಾಗದ್ದನ್ನು, ಕಲಿಕೆಗೆ ಅಡ್ಡಬಾರದ್ದನ್ನು, ನೋಡುವವರ ಮುಜುಗರಕ್ಕಾಗಿ ತಿದ್ದಲು ಹೊರಡಬಾರದು. ಆದರೆ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ ನೋಟ್‌ಬುಕ್ ಹಿಡಿದು ಕೂರದೆ ಮೊದಲು ವೈದ್ಯರ ಬಳಿ ಹೋಗಬೇಕು. ಕಿವಿನೋವು, ಹಲ್ಲುನೋವು, ಮಲಬದ್ಧತೆಯನ್ನು ಬಾಯಿಬಿಟ್ಟು ಹೇಳಲಾರದ ಮಗು ಹೀಗೆ ತೋರಿಸಿಕೊಳ್ಳಬಹುದು.

ಇದೆಲ್ಲ ಕೆಡುವುದು ಹೆಚ್ಚಾಗಿ ಮನೆಮಂದಿಯ ನಡುವೆ. ಅಮ್ಮ ಇಲ್ಲ ಎಂದದ್ದನ್ನು ಅಜ್ಜಿ, "ಪಾಪ, ಅಳ್ತಾ ಇದೆ, ಕೊಟ್ಬಿಡೇ" ಎಂದು ಹತ್ತು ಸಲಕ್ಕೊಮ್ಮೆ ಕೊಟ್ಟರೂ ಸಾಕು, ಉಳಿದ ಒಂಬತ್ತು ಸಲವೂ ಮಗು ಬಿಡದೆ ಅಳುತ್ತದೆ, ಯಾಕೆಂದರೆ ಅತ್ತರೆ ಸಿಗಬಹುದೆಂದು ಅದು ಕಲಿತಿರುತ್ತದೆ. ಆದ್ದರಿಂದ ಅನುಭವಿ ಶಿಕ್ಷಕಿಯರು ಮೂರು ಕಲಮಿನ ನೋಟ್‌ಬುಕ್ಕನ್ನು ಅಜ್ಜಿಗೂ ತೋರಿಸುತ್ತಾರೆ, ಮರಳು ಗಡಿಯಾರ ತಿರುಗಿಸಿಡುವ ಕೆಲಸವನ್ನು ಅಜ್ಜಿಗೇ ವಹಿಸುತ್ತಾರೆ.